ಹಾಡುವ ಬ್ರಷ್, ಕೆಂಪು ಮಾತ್ರೆ: ಮಕ್ಕಳ ಹಲ್ಲುಜ್ಜುವ ಕಿಟ್ ಒಂದರ ವಿಮರ್ಶೆ

ಮಕ್ಕಳಿಗೆಂದೇ ತಯಾರಾದ ಹಲ್ಲುಜ್ಜುವ ಕಿಟ್‌ಗಳು ಈಗ ಬೆಂಗಳೂರಿನ ಮಾಲ್‌ಗಳಲ್ಲಿ ಮಾತ್ರವಲ್ಲ, ಜಿಲ್ಲಾ ಕೇಂದ್ರಗಳ ಫ್ಯಾನ್ಸಿ ಸ್ಟೋರುಗಳಲ್ಲಿಯೂ ಮೆಡಿಕಲ್ ಶಾಪುಗಳ ಗಾಜಿನ ಕಪಾಟುಗಳಲ್ಲಿಯೂ ಧಾರಾಳವಾಗಿ ಸಿಗುತ್ತವೆ. ದಾವಣಗೆರೆಯ ಅಂಥದೊಂದು ಅಂಗಡಿಯಲ್ಲಿ ಆರುನೂರು ರೂಪಾಯಿಯ ಆಸುಪಾಸಿನ ಬೆಲೆಗೆ ನಾವು ಕೊಂಡ ಪೆಟ್ಟಿಗೆಯಲ್ಲಿ ಬ್ಯಾಟರಿಯಿಂದ ನಡುಗುತ್ತ ಹಾಡುವ ಒಂದು ಬ್ರಷ್, ಸ್ಟ್ರಾಬೆರಿ ರುಚಿಯ ಪೇಸ್ಟು, ಎರಡು ನಿಮಿಷಕ್ಕೆ ಖಾಲಿಯಾಗುವ ಮರಳಿನ ಗಡಿಯಾರ, ಗೋಡೆಗೆ ಅಂಟಿಸುವ ನಕ್ಷತ್ರಗಳ ಪಟ್ಟಿ ಮತ್ತು ಹಲ್ಲಿನ ಮೇಲಿನ ಕೊಳೆಯನ್ನು ಬಣ್ಣ ಹಚ್ಚಿ ತೋರಿಸುವ ಒಂದು ಹಾಳೆ ಕೆಂಪು ಮಾತ್ರೆಗಳು ಇದ್ದವು. ಇದೇ ಅಚ್ಚಿನ ಸರಕು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಕಾರ್ಟೂನ್ ಪ್ರಾಣಿಗಳ ಚಿತ್ರ ಹೊತ್ತು ಮಾರಾಟವಾಗುತ್ತಿರುವುದರಿಂದ, ತಯಾರಕರ ಹೆಸರಿಗಿಂತ ಒಳಗಿರುವ ಒಂದೊಂದು ವಸ್ತುವಿನ ಗುಣಾವಗುಣ ಹೇಳುವುದೇ ಓದುಗರಿಗೆ ಹೆಚ್ಚು ಉಪಯೋಗ. ಬಳಸಿದವರು ನಮ್ಮ ಮನೆಯ ಆರು ವರ್ಷದ ಮಗಳು ಮತ್ತು ಮೂರು ದಾಟಿದ ಮಗ. ಕುತೂಹಲ ತಡೆಯಲಾರದೆ ನಡುವೆ ಸೇರಿಕೊಂಡವರು ಅವರ ಅಜ್ಜಿ.

ಹಲ್ಲುಜ್ಜುವ ಹೊತ್ತಿನ ಹಠ, ರಂಪ ಇನ್ನು ಮುಂದೆ ಇರುವುದಿಲ್ಲ ಎಂಬ ಅರ್ಥದ ಭರವಸೆ ಪೆಟ್ಟಿಗೆಯ ಮುಖದ ಮೇಲೆಯೇ ಇದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಆ ಮಾತು ಸಲ್ಲುವುದು ಪೆಟ್ಟಿಗೆಯ ಎಲ್ಲ ವಸ್ತುಗಳಿಗೂ ಅಲ್ಲ. ಹಲ್ಲುಜ್ಜುವ ಕೆಲಸದೊಳಗೇ ಆಟ ಸೇರಿಕೊಂಡಿರುವ ವಸ್ತುಗಳನ್ನು ನಮ್ಮ ಮಕ್ಕಳು ಇಂದಿಗೂ ಬಯಸಿ ಬಳಸುತ್ತಾರೆ. ಕೆಲಸ ಒಂದು ಕಡೆ, ಆಟ ಇನ್ನೊಂದು ಕಡೆ ಆಗಿರುವ ವಸ್ತುಗಳು ಎಷ್ಟೇ ಥಳಕಿನವಾದರೂ ಬೇಗ ಮೂಲೆ ಸೇರಿದವು. ಹಣ ತೆತ್ತದ್ದು ಹೆಚ್ಚಾಗಿ ಈ ಎರಡನೆಯ ಜಾತಿಯ ವಸ್ತುಗಳಿಗೇ ಎಂಬುದು ನಮ್ಮ ಮುಖ್ಯ ಆಕ್ಷೇಪಣೆ.

ಮೊದಲು ಬ್ರಷ್. ಹಿಡಿಕೆಯ ಮೇಲೆ ಕರಡಿಯ ಮುಖವೊಂದಿದ್ದು ಅದರ ಮೂಗನ್ನು ಒತ್ತಿದರೆ ದೀಪ ಮಿನುಗುತ್ತದೆ, ಬ್ರಷ್ಷಿನ ತಲೆ ನಡುಗುತ್ತದೆ, ಹಾಡು ಶುರುವಾಗುತ್ತದೆ. ತಲೆ ಚಿಕ್ಕದಾಗಿದೆ, ಎಳೆಗಳು ನಿಜಕ್ಕೂ ಮೃದುವಾಗಿವೆ, ಹಿಡಿಕೆ ದಪ್ಪಗಿದ್ದು ಎಳೆಯ ಮುಷ್ಟಿಗೆ ಸರಿಯಾಗಿ ಕೂರುತ್ತದೆ. ಇಷ್ಟರ ಮಟ್ಟಿಗೆ ಮಾಡಿದವರು ಮಕ್ಕಳ ಬಾಯಿಯನ್ನು ಗಮನಿಸಿದ್ದಾರೆ ಎನ್ನಬೇಕು. ತೊಂದರೆ ಇರುವುದು ಹಾಡಿನಲ್ಲಿ. ಬ್ರಷ್ ಹಲ್ಲಿನ ಮೇಲೆ ಆಡುತ್ತಿರಲಿ, ಗಾಳಿಯಲ್ಲಿರಲಿ, ಒತ್ತಿದ ಮೂಗಿಗೆ ತಕ್ಕಂತೆ ಹಾಡು ತನ್ನ ಪಾಡಿಗೆ ತಾನು ಮುಗಿಯುತ್ತದೆ. ಮೂರು ವರ್ಷದವನಿಗೆ ಈ ಗುಟ್ಟು ತಿಳಿಯಲು ಹೆಚ್ಚು ಸಮಯ ಬೇಕಾಗಲಿಲ್ಲ. ಪೇಸ್ಟು ಹಚ್ಚಿದ ಬ್ರಷ್ಷನ್ನು ಕಿವಿಯ ಹತ್ತಿರ ಹಿಡಿದು, ತಲೆ ಓಲಾಡಿಸುತ್ತ ಹಾಡು ಕೇಳಿ, ಮುಗಿದ ಕೂಡಲೇ "ಆಯ್ತು" ಎಂದು ನಲ್ಲಿಯ ಕಡೆಗೆ ಓಡುವುದು ಅವನ ಪದ್ಧತಿಯಾಯಿತು. ಪೇಸ್ಟು ಕೂದಲಿಗೆ ಮೆತ್ತಿಕೊಂಡಿರುತ್ತಿತ್ತು. ಅವನ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇಲ್ಲ. ಹಾಡು ಮುಗಿಯುವುದೇ ಹಲ್ಲುಜ್ಜಿ ಮುಗಿದುದರ ಗುರುತು ಎಂದು ಅವನಿಗೆ ಹೇಳಿಕೊಟ್ಟದ್ದು ಆ ವಸ್ತುವೇ.

ವಿದ್ಯುತ್ ಬ್ರಷ್ಷುಗಳ ಮೇಲೆ ನನಗೆ ಹಗೆಯೇನಿಲ್ಲ. ಕೈಬ್ರಷ್ಷಿಗೆ ಹೋಲಿಸಿದರೆ ಅವುಗಳನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ಬಳಸಿದವರ ಹಲ್ಲಿನ ಮೇಲೆ ರೋಗಾಣುಗಳು ಕಟ್ಟುವ ಅಂಟು ಪೊರೆ ಸುಮಾರು 21 ಶೇಕಡಾದಷ್ಟು ಕಡಿಮೆಯಾಗಿತ್ತೆಂದು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ ಹೇಳಿದೆ. ಆದರೆ ಆ ಲೆಕ್ಕಕ್ಕೆ ಬಂದ ಪ್ರಯೋಗಗಳಲ್ಲಿ ಹೆಚ್ಚಿನವು ತಲೆ ಅತ್ತಿತ್ತ ಸುತ್ತುವ, ರೀಚಾರ್ಜ್ ಮಾಡುವ ಜಾತಿಯ ಬ್ರಷ್ಷುಗಳನ್ನು ಬಳಸಿದಂಥವು. ಆಟಿಕೆಯ ಮೋಟಾರಿನಿಂದ ಸುಮ್ಮನೆ ನಡುಗುವ ಈ ಬ್ರಷ್ಷಿಗೆ ಆ ಅಂಕಿ ಅನ್ವಯಿಸುತ್ತದೆಂದು ಅಂಗಡಿಯವರು ಹೇಳಿದರೆ ನಂಬಬೇಕಾಗಿಲ್ಲ.

ಬ್ರಷ್ಷಿನ ವಿಷಯದಲ್ಲಿ ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಇದು ನಡೆಯುವುದು ಕೈಗಡಿಯಾರಕ್ಕೆ ಹಾಕುವಂಥ ಚಪ್ಪಟೆ ಬಟನ್ ಸೆಲ್‌ಗಳಿಂದ, ಮತ್ತು ಅವುಗಳನ್ನು ಇಟ್ಟಿರುವ ಬುಡದ ಮುಚ್ಚಳಕ್ಕೆ ಸ್ಕ್ರೂ ಇಲ್ಲ. ಸ್ವಲ್ಪ ತಿರುಗಿಸಿದರೆ ಕೈಗೆ ಬರುತ್ತದೆ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಉಂಟಾಗಿ, ಎರಡು ಗಂಟೆಯೊಳಗೆ ಒಳಗಿನ ಗೋಡೆ ಸುಟ್ಟುಹೋಗಬಹುದು; ಲೀಥಿಯಂನ ನಾಣ್ಯದಾಕಾರದ ಸೆಲ್‌ಗಳಂತೂ ಪ್ರಾಣಕ್ಕೇ ಕುತ್ತು ತಂದಿರುವುದುಂಟು. ಎಳೆಯ ಮಕ್ಕಳಿಗೆಂದೇ ಮಾರುವ, ಅದೂ ಬಾಯಿಗೆ ಹಾಕುವ ವಸ್ತುವಿನಲ್ಲಿ ಈ ಮುಚ್ಚಳ ಹೀಗಿರುವುದನ್ನು ಕ್ಷಮಿಸಲಾಗದು. ನಾವು ಸೆಲ್‌ಗಳನ್ನು ತೆಗೆದುಹಾಕಿದೆವು. ಕರಡಿ ಈಗ ಮೂಕ ಕರಡಿ, ಮತ್ತು ಮಗ ಅದನ್ನು ಸಾಧಾರಣ ಬ್ರಷ್ಷಿನಂತೆಯೇ, ಮೊದಲಿಗಿಂತ ಚೆನ್ನಾಗಿಯೇ ಬಳಸುತ್ತಿದ್ದಾನೆ. ಇಂಥ ಬ್ರಷ್ ಕೊಳ್ಳುವವರು ಅಂಗಡಿಯಲ್ಲಿಯೇ ಪೆಟ್ಟಿಗೆ ಬಿಚ್ಚಿಸಿ, ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಎಷ್ಟು ರಿಯಾಯಿತಿ ಕೊಟ್ಟರೂ ಬೇಡ.

ಪೇಸ್ಟಿನ ವಿಚಾರಕ್ಕೆ ಬಂದರೆ, ರುಚಿಯೇ ಅದರ ಗುಣವೂ ಹೌದು, ದೋಷವೂ ಹೌದು. ದೊಡ್ಡವರ ಪೇಸ್ಟಿನ ಪುದೀನದ ಖಾರ ಎಳೆಯ ನಾಲಗೆಗೆ ಆಗಿಬರುವುದಿಲ್ಲ. "ಉರಿ, ಉರಿ" ಎಂದು ಅಳುವ ಮಗು ಬ್ರಷ್ಷನ್ನು ಕಂಡರೇ ಓಡುತ್ತದೆ. ಆ ತಕರಾರು ಈ ಪೇಸ್ಟಿನಿಂದ ಪೂರ್ತಿ ನಿಂತಿತು. ಆದರೆ ಉಗಿಯಬೇಕಾದುದನ್ನು ನುಂಗುವ ಆಸೆ ಅದರ ಬದಲಿಗೆ ಹುಟ್ಟಿತು. ಒಂದು ಸಂಜೆ ಮಗ ಟ್ಯೂಬನ್ನು ತಂದುಕೊಟ್ಟು ಚಪಾತಿಗೆ ಹಚ್ಚಿಕೊಡಲು ಕೇಳಿದ. ಇದಕ್ಕೆ ಪೆಟ್ಟಿಗೆಯ ಮೇಲಿನ ಚಿತ್ರವೂ ಒಂದು ಕಾರಣ: ಬ್ರಷ್ಷಿನ ಈ ತುದಿಯಿಂದ ಆ ತುದಿಯವರೆಗೆ ಸುರುಳಿಯಾಗಿ ಏರಿ ಕುಳಿತ ಪೇಸ್ಟು ನೋಡಲು ಚೆಂದ, ಆದರೆ ಮಕ್ಕಳಿಗೆ ಹಾಕಬೇಕಾದ ಪ್ರಮಾಣ ಅದಲ್ಲ. ಮೂರು ವರ್ಷ ತುಂಬುವ ತನಕ ಒಂದು ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಒಂದು ಬಟಾಣಿ ಕಾಳಿನಷ್ಟು ಸಾಕೆಂದು ಮಕ್ಕಳ ದಂತವೈದ್ಯರ ಅಂತರರಾಷ್ಟ್ರೀಯ ಸಂಘ ಹೇಳುತ್ತದೆ. ಅದೇ ಸಂಘದ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ ಕನಿಷ್ಠ 1000 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗ ಪೇಸ್ಟಿಗೆ ಸಾವಿರ ಭಾಗ) ಇರಬೇಕು. ನಮ್ಮ ದೇಶದ ನಿಯಮವೋ 1000 ಪಿಪಿಎಂ ಮೀರಬಾರದೆನ್ನುತ್ತದೆ, ಮತ್ತು ಇರುವ ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಬೇಕೆಂದು ವಿಧಿಸುತ್ತದೆ. ಈ ಕಿಟ್‌ನ ಪೇಸ್ಟಿನಲ್ಲಿ, ಭೂತಗನ್ನಡಿ ಬೇಡುವಂಥ ಅಕ್ಷರಗಳಲ್ಲಿ, ಐನೂರಕ್ಕಿಂತ ಕಡಿಮೆಯ ಅಂಕಿ ಇದೆ; ಮಕ್ಕಳ ಪೇಸ್ಟುಗಳಲ್ಲಿ ಕೆಲವು ಫ್ಲೋರೈಡ್ ಇಲ್ಲವೇ ಇಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಹುಳುಕು ತಡೆಯುವ ಕೆಲಸ ಮಾಡುವುದು ಮುಖ್ಯವಾಗಿ ಆ ಫ್ಲೋರೈಡೇ ಆಗಿರುವುದರಿಂದ, ಹಣ್ಣಿನ ಚಿತ್ರ ನೋಡುವ ಮೊದಲು ಈ ಅಂಕಿಯನ್ನು ಓದಬೇಕು.

ಇದಕ್ಕೆ ಒಂದು ಅಪವಾದವನ್ನು ಕರ್ನಾಟಕದ ಓದುಗರಿಗೆ ಹೇಳಲೇಬೇಕಾಗಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬ ಮಿತಿಯನ್ನು ಅಲ್ಲಿನ ಹಲವು ಬಾವಿಗಳು ದಾಟುತ್ತವೆ, ಮತ್ತು ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆಗಳು ಮೂಡುವುದು ಅದರಿಂದಲೇ. ಅಂಥ ಕಡೆಗಳಲ್ಲಿ ಪೇಸ್ಟನ್ನು ಆರಿಸುವ ಮುಂಚೆ ದಂತವೈದ್ಯರನ್ನು ಕೇಳುವುದು ಒಳ್ಳೆಯದು. ಸಿಹಿ ಪೇಸ್ಟು ನುಂಗುವ ಮಗುವಂತೂ ಅಲ್ಲಿ ಹೆಚ್ಚು ಚಿಂತೆಯ ವಿಷಯ. (ರುಚಿಯ ಆಸೆ ತೋರಿಸಿ ಹಲ್ಲುಜ್ಜಿಸುವುದು ಈ ಕಾಲದ ಆವಿಷ್ಕಾರವೇನಲ್ಲ. ನಂಜನಗೂಡಿನ ಗುಲಾಬಿ ಬಣ್ಣದ ಹಲ್ಲುಪುಡಿಯನ್ನು ಅಂಗೈಗೆ ಸುರಿದುಕೊಂಡು, ಬೆರಳಿಗೆ ಹತ್ತಿದ್ದಕ್ಕಿಂತ ನಾಲಗೆಗೆ ಹತ್ತಿದ್ದೇ ಹೆಚ್ಚಾಗಿದ್ದ ತಲೆಮಾರು ನಮ್ಮದು.)

ಮರಳಿನ ಗಡಿಯಾರ ಈ ಪೆಟ್ಟಿಗೆಯ ಅತ್ಯಂತ ಅಗ್ಗದ ವಸ್ತುವಿರಬೇಕು, ಆದರೂ ಅದು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಅದರ ಬೆನ್ನಿಗಿರುವ ರಬ್ಬರ್ ಬಟ್ಟಲನ್ನು ಬೇಸಿನ್ ಮೇಲಿನ ಟೈಲ್ಸಿಗೆ ಒತ್ತಿದರೆ ಅಂಟಿಕೊಳ್ಳುತ್ತದೆ. ಮಗಳು ತಾನೇ ಒಂದು ಕ್ರಮ ಕಟ್ಟಿಕೊಂಡಳು: ನೀಲಿ ಮರಳು ಕಾಲು ಭಾಗ ಇಳಿಯುವವರೆಗೆ ಮೇಲಿನ ಬಲದವಡೆ, ಅರ್ಧಕ್ಕೆ ಬರುವವರೆಗೆ ಮೇಲಿನ ಎಡದವಡೆ, ಉಳಿದುದರಲ್ಲಿ ಕೆಳಗಿನ ಎರಡು. ಹಾಡಿಗೂ ಮರಳಿಗೂ ಇರುವ ಅಂತರ ಇಲ್ಲಿದೆ. ಹಾಡು ತನ್ನನ್ನು ಕೇಳು ಎನ್ನುತ್ತದೆ. ಮರಳು ಸದ್ದಿಲ್ಲದೆ ಇಳಿಯುತ್ತಿರುವುದರಿಂದ ಮಗುವಿನ ಗಮನ ಕೈಯಲ್ಲಿರುವ ಬ್ರಷ್ಷಿನ ಮೇಲೆಯೇ ಉಳಿಯುತ್ತದೆ, ಉಳಿದಿರುವ ಹೊತ್ತೆಷ್ಟು ಎಂಬುದೂ ಕಣ್ಣಿಗೆ ಕಾಣುತ್ತದೆ. ಎರಡು ನಿಮಿಷ ಎಷ್ಟು ದೀರ್ಘವೆಂದು ದೊಡ್ಡವರಿಗೂ ಇದನ್ನು ನೋಡಿದ ಮೇಲೆಯೇ ತಿಳಿಯುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದರ ಅರ್ಧ ಹೊತ್ತಿಗೇ ಬಾಯಿ ಮುಕ್ಕಳಿಸಿ ಹೊರಬರುವವರು.

ನಕ್ಷತ್ರಗಳ ಪಟ್ಟಿಯ ಬಗ್ಗೆ ಅಭಿಪ್ರಾಯ ಹೇಳುವುದು ಅಷ್ಟು ಸುಲಭವಲ್ಲ. ದಿನಕ್ಕೆ ಎರಡು ಚೌಕ, ಉಜ್ಜಿದ ಕೂಡಲೇ ಒಂದು ಹೊಳೆಯುವ ನಕ್ಷತ್ರ, ಸಾಲು ತುಂಬಿದರೆ ತಂದೆತಾಯಿಯಿಂದ ಒಂದು ಬಹುಮಾನ ಎಂಬುದು ಅದರ ನಿಯಮ. ಈ ಬಗೆಯ ಬಹುಮಾನದ ಬಗ್ಗೆ 1973ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗವಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಕೆಲವು ದಿನಗಳ ನಂತರ, ಬಹುಮಾನದ ಸುದ್ದಿಯಿಲ್ಲದ ಬಿಡುವಿನ ಹೊತ್ತಿನಲ್ಲಿ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳದ್ದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಆ ಮಕ್ಕಳಿಗೆ ಚಿತ್ರ ಬಿಡಿಸುವುದು ಮೊದಲೇ ಇಷ್ಟವಾಗಿತ್ತು. ಹಲ್ಲುಜ್ಜುವುದನ್ನು ತಾನಾಗಿ ಪ್ರೀತಿಸುವ ಮಗು ಅಪರೂಪ. ಹಾಗಾಗಿ ಆರಂಭದ ತಳ್ಳುವಿಕೆಗೆ ನಕ್ಷತ್ರ ಅಂಟಿಸುವುದರಲ್ಲಿ ದೋಷ ಕಾಣಬೇಕಿಲ್ಲ ಎಂಬುದು ನನ್ನ ಅನಿಸಿಕೆ. ನಮ್ಮ ಮನೆಯಲ್ಲಿ ಸಮಸ್ಯೆ ಬಂದದ್ದು ಬಹುಮಾನದ ಕಡೆಯಿಂದ. ಸಾಲು ತುಂಬುವ ಹೊತ್ತಿಗೆ ಏನು ಕೊಡಿಸುತ್ತೀರಿ ಎಂಬ ಚೌಕಾಸಿ ಮಗಳಿಂದ ಶುರುವಾಯಿತು, ಮತ್ತು ಅವಳು ಕೇಳಿದ್ದು ಚಾಕೊಲೇಟು. ಬಹುಮಾನದ ಅಂಕಣವನ್ನು ಕತ್ತರಿಸಿ ತೆಗೆದ ಮೇಲೆ ಪಟ್ಟಿ ಕೆಲವು ಕಾಲ ಬರೀ ಲೆಕ್ಕದ ಹಾಳೆಯಾಗಿ ಉಳಿದಿತ್ತು. ಈಗ ಅದನ್ನು ಯಾರೂ ನೋಡುತ್ತಿಲ್ಲ.

ಇನ್ನು ಕೆಂಪು ಮಾತ್ರೆಗಳು. ಪೆಟ್ಟಿಗೆಯ ತಳದಲ್ಲಿ, ಯಾವ ಜಾಹೀರಾತೂ ಇಲ್ಲದೆ ಬಿದ್ದಿದ್ದ ಈ ಹಾಳೆಯೇ ಆ ಆರುನೂರು ರೂಪಾಯಿಯನ್ನು ಉಳಿಸಿತು. ದಂತವೈದ್ಯರು ಇದನ್ನು ಡಿಸ್‌ಕ್ಲೋಸಿಂಗ್ ಟ್ಯಾಬ್ಲೆಟ್ ಎನ್ನುತ್ತಾರೆ. ಇದರಲ್ಲಿರುವುದು ಎರಿತ್ರೋಸಿನ್ ಎಂಬ, ತಿನಿಸುಗಳಿಗೂ ಬಳಸುವ ಕೆಂಪು ಬಣ್ಣ. ಮಾತ್ರೆಯನ್ನು ಅಗಿದು, ಜೊಲ್ಲಿನೊಂದಿಗೆ ಬಾಯಿಯೆಲ್ಲ ಆಡಿಸಿ, ಉಗಿದು, ಒಮ್ಮೆ ನೀರಿನಿಂದ ಮುಕ್ಕಳಿಸಿದರೆ, ಚೊಕ್ಕಟವಾದ ಹಲ್ಲಿನ ಮೇಲೆ ಬಣ್ಣ ನಿಲ್ಲುವುದಿಲ್ಲ; ರೋಗಾಣುಗಳು ಕಟ್ಟಿಕೊಂಡ ಅಂಟು ಪೊರೆ ಇರುವ ಕಡೆ ಮಾತ್ರ ಅದು ಗಾಢವಾಗಿ ಉಳಿಯುತ್ತದೆ. ಸಕ್ಕರೆಯನ್ನು ಉಂಡು ಆಮ್ಲ ಬಿಟ್ಟು ಹಲ್ಲನ್ನು ಕರಗಿಸುವ ರೋಗಾಣುಗಳು ಬೀಡುಬಿಡುವುದು ಈ ಪೊರೆಯಲ್ಲಿಯೇ, ಮತ್ತು ಅದಕ್ಕೆ ಹಲ್ಲಿನದೇ ಬಣ್ಣವಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. "ಹುಳ ಇದೆ, ಚೆನ್ನಾಗಿ ಉಜ್ಜು" ಎಂದು ಮಕ್ಕಳನ್ನು ಹೆದರಿಸುವ ನಮ್ಮ ಹಳೆಯ ಉಪಾಯ ಬಹಳ ದಿನ ನಡೆಯದಿರುವುದು ಅದಕ್ಕಾಗಿಯೇ. ಕಾಣದ ಹುಳುವಿಗೆ ಎಷ್ಟು ದಿನ ಹೆದರಿಯಾರು?

ಮಗಳು ಮೊದಲ ಸಲ ಮಾತ್ರೆ ಅಗಿದು ಕನ್ನಡಿಯ ಮುಂದೆ ಬಾಯಿ ತೆರೆದಾಗ ಮುಂದಿನ ಹಲ್ಲುಗಳ ಹೊರಮುಖ ಬೆಳ್ಳಗೇ ಇತ್ತು. ಕೆಳಸಾಲಿನ ಮುಂಭಾಗದ ಹಲ್ಲುಗಳ ಒಳಮುಖ, ನಾಲಗೆ ತಗಲುವ ಕಡೆ, ಒಸಡಿನುದ್ದಕ್ಕೂ ಕಡುಗೆಂಪು ಗೆರೆ ಎದ್ದಿತ್ತು. ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯ ಮುಖವೂ ಹಾಗೆಯೇ. ಆದರೆ ಎಲ್ಲಕ್ಕಿಂತ ಕೆಂಪಾಗಿದ್ದುದು ಕೆಳದವಡೆಯ ಕಟ್ಟಕಡೆಯಲ್ಲಿ ಅರ್ಧ ಎದ್ದುಬಂದಿದ್ದ ಒಂದು ಹಲ್ಲು. ಅದು ಹಾಲುಹಲ್ಲಲ್ಲ. ಸುಮಾರು ಆರನೆಯ ವರ್ಷದಲ್ಲಿ, ಇಪ್ಪತ್ತು ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಹೊಸದಾಗಿ ಹುಟ್ಟುವ ಶಾಶ್ವತ ದವಡೆಹಲ್ಲು. ಹಲ್ಲು ಬಿದ್ದರೆ ತಾನೇ ಹೊಸ ಹಲ್ಲು ಬರುವುದು ಎಂದುಕೊಂಡಿರುವ ಹೆಚ್ಚಿನ ಮನೆಗಳಲ್ಲಿ ಇದು ಬಂದದ್ದೇ ಗೊತ್ತಾಗುವುದಿಲ್ಲ. ಉಳಿದವುಗಳಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದರ ಮೇಲೆ ಹಾಯ್ದು ಹೋಗುತ್ತದೆ, ಮೇಲ್ಮೈಯ ಆಳವಾದ ಗೀರುಗಳಲ್ಲಿ ಬಿಸ್ಕತ್ತಿನ ಹಿಟ್ಟು ಕೂತುಬಿಡುತ್ತದೆ. ಮಗಳು ಆ ಹಲ್ಲನ್ನು ಬೆಳ್ಳಗಾಗಿಸಲು ಬ್ರಷ್ಷನ್ನು ಅಡ್ಡಡ್ಡ ಹಿಡಿದು, ಬಾಯಿ ಸೊಟ್ಟ ಮಾಡಿ, ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಉಜ್ಜಿದಳು. ಮರಳು ಪೂರ್ತಿ ಇಳಿದಿದ್ದನ್ನು ಅವಳು ನೋಡಲೇ ಇಲ್ಲ. ಗಡಿಯಾರವನ್ನು ತಿರುಗಿಸಿಟ್ಟು ಮತ್ತೆ ಶುರುಮಾಡಿದಳು. ಯಾರೂ ಹೇಳಿರಲಿಲ್ಲ.

ತಮಗೂ ಒಂದು ಮಾತ್ರೆ ಬೇಕೆಂದು ಅಜ್ಜಿ ಬಂದದ್ದು ಆಗಲೇ. "ಅಜ್ಜಿ, ನಿನ್ ಹಲ್ಲೂ ಕೆಂಪಾಗೇತಿ ನೋಡು!" ಎಂದು ಮಗಳು ಕುಣಿದರೆ, ಕನ್ನಡಿ ನೋಡಿಕೊಂಡ ಅಜ್ಜಿ "ಎಲೆ ಅಡಿಕೆ ಹಾಕ್ಕೊಂಡೋರ ಬಾಯಿ ಆದಂಗಾತಲ್ಲೇ" ಎಂದು ನಕ್ಕು, ಮೊಮ್ಮಗಳ ಪಕ್ಕದಲ್ಲಿ ನಿಂತು ತಾವೂ ಉಜ್ಜಲು ತೊಡಗಿದರು. ದೊಡ್ಡವರ ಬಾಯಲ್ಲಿಯೂ ಕೆಂಪು ಕಂಡದ್ದರಿಂದ ಮಕ್ಕಳಿಗೆ ಇದು ತಮ್ಮ ತಪ್ಪು ಹಿಡಿಯುವ ಪರೀಕ್ಷೆ ಅನ್ನಿಸಲಿಲ್ಲ ಎಂಬುದು ನನ್ನ ಊಹೆ. ಮಾತ್ರೆ ಬಳಸುವ ಮನೆಯವರು ತಾವೂ ಒಂದನ್ನು ಅಗಿಯುವುದು ಮೇಲು.

ಇದರ ತೊಂದರೆಗಳನ್ನು ಮುಚ್ಚಿಡುವಂತಿಲ್ಲ. ನಾಲಗೆ, ತುಟಿಗಳಿಗೆ ಹತ್ತಿದ ಬಣ್ಣ ಹೋಗಲು ಕೆಲವು ಗಂಟೆಗಳೇ ಹಿಡಿಯುತ್ತವೆ. ಆದ್ದರಿಂದ ಇದು ಶಾಲೆಯಿರುವ ದಿನದ ಬೆಳಗಿನ ಕೆಲಸವಲ್ಲ, ಶನಿವಾರ ರಾತ್ರಿಯ ಕೆಲಸ. ಮೊದಲೇ ತುಟಿಗೆ ವ್ಯಾಸಲೀನ್ ಸವರಿ, ಹಳೆಯ ಅಂಗಿ ತೊಡಿಸಿ, ಉಗಿದ ಕೂಡಲೇ ಬೇಸಿನ್ನಿಗೆ ನೀರು ಬಿಡಬೇಕು. ಚೆನ್ನಾಗಿ ಅಗಿದು ಉಗಿಯಲು ಬಾರದ ಎಳೆಯ ಮಕ್ಕಳಿಗೆ ಕೊಡಬಾರದು. ನಮ್ಮ ಮಗನಿಗೆ ಕೊಟ್ಟಿಲ್ಲ, ಅಕ್ಕನ ಬಾಯಿಯಲ್ಲಿ ಕೆಂಪು ಹುಡುಕಿ ಬೆರಳು ತೋರಿಸುವ ಅಧಿಕಾರವನ್ನು ಮಾತ್ರ ಕೊಟ್ಟಿದ್ದೇವೆ, ಅದನ್ನು ಅವನು ನಿಷ್ಠುರವಾಗಿ ಚಲಾಯಿಸುತ್ತಾನೆ. ತಿನಿಸಿನ ಬಣ್ಣಗಳು ಮೈಗೆ ಒಗ್ಗದವರೂ ಇದರಿಂದ ದೂರವಿರಬೇಕು. ದಿನವೂ ಬಳಸುವ ಅಗತ್ಯವಿಲ್ಲ. ವಾರಕ್ಕೊಮ್ಮೆಯಂತೆ ಬಳಸಿದ ನಮ್ಮ ಅನುಭವದಲ್ಲಿ, ಉಳಿದ ದಿನಗಳಲ್ಲಿಯೂ ಮಗಳ ಬ್ರಷ್ ಆ ಕಡೆಯ ಹಲ್ಲನ್ನು ತಾನಾಗಿ ಹುಡುಕಿಕೊಂಡು ಹೋಗುತ್ತಿದೆ.

ಕಿಟ್‌ನೊಂದಿಗೆ ಬಂದ ಸೂಚನಾಪತ್ರ ಮಾತ್ರ ನಿರಾಶಾದಾಯಕ. ಕನ್ನಡ ಇಲ್ಲವೆನ್ನುವುದು ಒಂದು; ಇಂಗ್ಲಿಷಿನಲ್ಲಿರುವುದೂ ಅರೆಬರೆ. ಮಗು ಸ್ವತಂತ್ರವಾಗಿ ಉಜ್ಜಲು ಕಲಿಯುತ್ತದೆಂದು ಅದು ಹೊಗಳಿಕೊಳ್ಳುತ್ತದೆ, ಆದರೆ ಏಳೆಂಟು ವರ್ಷದವರೆಗೆ ಮಕ್ಕಳ ಮಣಿಕಟ್ಟಿಗೆ ಎಲ್ಲ ಮೂಲೆಗಳನ್ನು ತಲುಪುವ ಹಿಡಿತ ಬಂದಿರುವುದಿಲ್ಲ, ಕೊನೆಯ ಸುತ್ತನ್ನು ದೊಡ್ಡವರೇ ಮುಗಿಸಿಕೊಡಬೇಕು ಎಂಬ ಮಾತು ಅದರಲ್ಲಿಲ್ಲ. ಮಗುವಿನ ಹಿಂದೆ ನಿಂತು, ಅದರ ತಲೆಯನ್ನು ನಮ್ಮ ಎದೆಗೆ ಒರಗಿಸಿಕೊಂಡು, ಎರಡೂ ಮುಖಗಳು ಕನ್ನಡಿಯಲ್ಲಿ ಕಾಣುವಂತೆ ಉಜ್ಜಿದರೆ ಜಗ್ಗಾಟ ಕಡಿಮೆಯಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತಗ್ಗಿ, ಆಮ್ಲವನ್ನು ತೊಳೆಯುವವರಿಲ್ಲದೆ ಹೋಗುವುದರಿಂದ ಮಲಗುವ ಮುಂಚಿನ ಉಜ್ಜುವಿಕೆಯೇ ಮುಖ್ಯ ಎಂಬುದನ್ನೂ, ಅದಾದ ಮೇಲೆ ಸಕ್ಕರೆ ಹಾಕಿದ ಹಾಲು ಕೊಟ್ಟರೆ ಉಜ್ಜಿದ್ದೆಲ್ಲ ವ್ಯರ್ಥ ಎಂಬುದನ್ನೂ ಪತ್ರ ಹೇಳುವುದಿಲ್ಲ. ಪೇಸ್ಟನ್ನು ಉಗಿದ ಮೇಲೆ ಹೆಚ್ಚು ನೀರಿನಿಂದ ಮುಕ್ಕಳಿಸದಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ಹೆಚ್ಚು ಹೊತ್ತು ಉಳಿಯುತ್ತದೆ, ಅದೂ ಇಲ್ಲ. ಹೇಗೂ ಬಿದ್ದುಹೋಗುವ ಹಲ್ಲು ಎಂದು ಹಾಲುಹಲ್ಲನ್ನು ಅಸಡ್ಡೆ ಮಾಡುವವರಿಗೆ, ಹಿಂದಿನ ಹಾಲುದವಡೆಗಳು ಹತ್ತು ಹನ್ನೆರಡು ವರ್ಷದವರೆಗೆ ಇದ್ದು ಮುಂದಿನ ಹಲ್ಲುಗಳಿಗೆ ಜಾಗ ಕಾಯುತ್ತವೆ ಎಂದು ಒಂದು ಸಾಲು ಬರೆದಿದ್ದರೂ ಆ ಕಾಗದ ಸಾರ್ಥಕವಾಗುತ್ತಿತ್ತು.

ಐದಕ್ಕೆ ಎಷ್ಟು ಎಂದು ಕೇಳಿದರೆ ಮಾತ್ರೆಗಳಿಗೆ ನಾಲ್ಕೂವರೆ, ಮರಳಿನ ಗಡಿಯಾರಕ್ಕೆ ನಾಲ್ಕು, ಪೇಸ್ಟಿಗೆ ಎರಡು, ಪಟ್ಟಿಗೆ ಒಂದೂವರೆ. ಸೆಲ್‌ನ ಮುಚ್ಚಳ ಹಾಗಿರುವ ತನಕ ಬ್ರಷ್ಷಿಗೆ ಸೊನ್ನೆ. ಪೆಟ್ಟಿಗೆಯನ್ನು ಒಟ್ಟಾಗಿ ಕೊಳ್ಳುವಂತೆ ನಾನು ಯಾರಿಗೂ ಹೇಳಲಾರೆ. ಬ್ರಷ್ಷಿನ ತಲೆಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಆದರೆ ಇದರ ಬದಲಿ ತಲೆ ಅಂಗಡಿಯಲ್ಲಿ ಪ್ರತ್ಯೇಕವಾಗಿ ಸಿಗುವುದಿಲ್ಲ. ಅಂಗಡಿಯವರನ್ನು ಕೇಳಿದ್ದಕ್ಕೆ ಹೊಸ ಪೆಟ್ಟಿಗೆಯನ್ನೇ ತೆಗೆದು ಮುಂದಿಟ್ಟರು. ಅದೇ ಹಣದ ಒಂದು ಭಾಗದಲ್ಲಿ ಮೃದು ಎಳೆಗಳಿರುವ ಮಕ್ಕಳ ಕೈಬ್ರಷ್ಷುಗಳು, ಫ್ಲೋರೈಡ್ ಸರಿಯಾಗಿರುವ ಪೇಸ್ಟು ಮತ್ತು ಮರಳಿನ ಗಡಿಯಾರ ಬರುತ್ತವೆ. ಮಾತ್ರೆ ಎಲ್ಲ ಮೆಡಿಕಲ್ ಶಾಪುಗಳಲ್ಲಿ ಇರುವುದಿಲ್ಲವಾದರೂ, ದಂತ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಂಥ ಊರುಗಳಲ್ಲಿ ದಂತವೈದ್ಯರ ಸಾಮಗ್ರಿ ಮಾರುವ ಅಂಗಡಿಯಲ್ಲಿ ಕೇಳಿ ನೋಡಬಹುದು, ಆನ್‌ಲೈನಿನಲ್ಲಿ ತರಿಸಲೂಬಹುದು. ಎರಡು ಬಣ್ಣದ ಬಗೆಯೂ ಉಂಟು. ಅದರಲ್ಲಿ ಹೊಸ ಪೊರೆ ಗುಲಾಬಿಯಾಗಿ, ದಿನಗಟ್ಟಲೆ ಉಜ್ಜದೆ ಬಿಟ್ಟ ಹಳೆಯ ಪೊರೆ ನೀಲಿಯಾಗಿ ಕಾಣುತ್ತದೆ. ನಮ್ಮ ಹಾಳೆ ಮುಗಿದಿದೆ, ಮುಂದಿನ ಸಲ ಆ ಬಗೆಯನ್ನೇ ತರಿಸುವಂತೆ ಮಗಳು ಹೇಳಿದ್ದಾಳೆ.